ಕಟ್ಟೆಯೇರಿದ ಯಂತ್ರಗಳು

ಹಳೆಯ ಯಂತ್ರಗಳಲ್ಲಿ ಪ್ರೀತಿಯುಳ್ಳವರೆಂದು ಹೆಸರಾದ ಮಹನೀಯರಲ್ಲಿ ಒಂದು ವಿಚಿತ್ರವಾದ ಭ್ರಮೆ ಬೇರೂರಿದೆ. ಯಂತ್ರವನ್ನು ಕಟ್ಟೆಯ ಮೇಲೇರಿಸಿ, ತುಕ್ಕಿನ ಮೇಲೆ ಕರಿಯ ಬಣ್ಣ ಬಳಿದು, ಸುತ್ತಲೂ ಸರಪಳಿ ಬಿಗಿದು, ಮುಂದೊಂದು ಫಲಕವನ್ನು ನೆಟ್ಟರೆ ಅದರ ರಕ್ಷಣೆಯು ಮುಗಿಯಿತೆಂದು ಅವರ ಎಣಿಕೆ. ಗುಜರಿಯವನಿಗೆ ತೂಕಕ್ಕೆ ಮಾರುವವರಿಗಿಂತ ಇವರು ಮೇಲೆಂಬುದು ನಿಜ. ಆದರೆ ಆ ಮೇಲ್ಮೆ ಬಹಳ ದೊಡ್ಡದೇನಲ್ಲ. ಕ್ರಿಯೆಯೇ ಯಂತ್ರದ ಸ್ವರೂಪ. ನಿಂತ ಯಂತ್ರವು ಪಾಠಕನಿಲ್ಲದ ಓಲೆಗರಿಯ ಕಟ್ಟಿನಂತೆ: ಗ್ರಂಥವುಂಟು, ವಿದ್ಯೆಯಿಲ್ಲ.

"ಫೇರಿ ಕ್ವೀನ್" ಎಂಬ ಉಗಿ ಎಂಜಿನಿನ ವೃತ್ತಾಂತವನ್ನು ನೋಡಬಹುದು. ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ 1855ರಲ್ಲಿ ಸಿದ್ಧವಾಗಿ, ಈಸ್ಟ್ ಇಂಡಿಯನ್ ರೈಲ್ವೆಯಲ್ಲಿ ದುಡಿದ ಇದು 1909ರಲ್ಲಿ ಕೆಲಸದಿಂದ ನಿವೃತ್ತವಾಯಿತು. ಬಳಿಕ ಹೌರಾ ನಿಲ್ದಾಣದೆದುರು, ಚಂದೌಸಿಯ ರೈಲ್ವೆ ಶಿಕ್ಷಣಶಾಲೆಯಲ್ಲಿ, ಕಡೆಗೆ ದೆಹಲಿಯ ಸಂಗ್ರಹಾಲಯದಲ್ಲಿ ಬರಿಯ ನೋಟದ ವಸ್ತುವಾಗಿ ನಿಂತಿತು. 1997ರಲ್ಲಿ ಅದನ್ನು ದುರಸ್ತಿಮಾಡಿ, ನೀರು ತುಂಬಿ, ಕಲ್ಲಿದ್ದಲು ಉರಿಸಿ, ದೆಹಲಿಯಿಂದ ಅಲ್ವರಿಗೆ ಪ್ರಯಾಣಿಕರನ್ನು ಒಯ್ಯುವಂತೆ ಮಾಡಿದರು. ಕ್ರಮವಾಗಿ ಓಡುವ ಎಂಜಿನುಗಳಲ್ಲಿ ಜಗತ್ತಿಗೇ ಹಳೆಯದೆಂಬ ಗಿನ್ನೆಸ್ ಮನ್ನಣೆ 1998ರಲ್ಲಿ ದೊರೆಯಿತು. ಬಾಯ್ಲರಿನಲ್ಲಿ ಎಷ್ಟು ನೀರಿರಬೇಕು, ಬೆಂಕಿಯನ್ನು ಹೇಗೆ ಹರಡಬೇಕು, ಬೇರಿಂಗು ಕಾದುದನ್ನು ಮೂಗಿನಿಂದ ಹೇಗೆ ಅರಿಯಬೇಕು? ಇವನ್ನು ಯಾವ ಫಲಕವೂ ಕಲಿಸದು.

ಓಡಿಸಿದರೆ ಸವೆಯುವುದು, ಸವೆದುದನ್ನು ಬದಲಾಯಿಸಿದರೆ ಮೂಲವಸ್ತು ಉಳಿಯದು ಎಂದು ಪ್ರತಿಪಕ್ಷದವರು ಆಕ್ಷೇಪಿಸುವರು. ಊರ ತೇರಿನ ಅಚ್ಚು ಮುರಿದರೆ ಹೊಸ ಅಚ್ಚು ಹಾಕಿಸುವರು. ಗಾಲಿ ಬಿರಿದರೆ ಹೊಸ ಗಾಲಿ. ಅಷ್ಟರಿಂದ ಇದು ಬೇರೆ ತೇರೆಂದು ಯಾವ ಭಕ್ತನೂ ಹಗ್ಗ ಬಿಟ್ಟುದಿಲ್ಲ. ಹೊಸ ಭಾಗಕ್ಕೆ ಗುರುತಿಟ್ಟು, ಹಳೆಯದನ್ನು ಜೋಪಾನಮಾಡಿದರೆ ವಾದಕ್ಕೆಡೆಯೆಲ್ಲಿ?

ಎಲ್ಲವನ್ನೂ ಓಡಿಸಲೇಬೇಕೆಂಬ ಹಠವೂ ಸಲ್ಲದು. ಬೈಸಿಕಲ್ ಅಂಗಡಿಯ ರೈಟ್ ಸೋದರರು ಕಟ್ಟಿದ ವಿಮಾನವು 1903ನೆಯ ಡಿಸೆಂಬರ್ 17ರಂದು ನಾಲ್ಕು ಸಲ ಹಾರಿತು. ಅವುಗಳಲ್ಲಿ ದೀರ್ಘವಾದುದು 59 ಸೆಕೆಂಡು. ಆ ದಿನವೇ ಗಾಳಿಗೆ ಮಗುಚಿ ಮುರಿದು, ಮತ್ತೆಂದೂ ಹಾರಲಿಲ್ಲ. ಅಂಥ ಏಕಮಾತ್ರ ವಸ್ತುವು ವಾಷಿಂಗ್ಟನ್ನಿನಲ್ಲಿ ವಿಶ್ರಮಿಸಲಿ. ಆದರೆ 2003ರ ಶತಮಾನೋತ್ಸವಕ್ಕೆಂದು ಕಟ್ಟಿದ ಅದರ ಪ್ರತಿಕೃತಿಯು, ಮಳೆಯೂ ಮಂದವಾದ ಗಾಳಿಯೂ ಸೇರಿದ ಆ ಉತ್ಸವದ ದಿನ, ನೆಲ ಬಿಟ್ಟೇಳಲೇ ಇಲ್ಲ. ಆ ಸೋಲಿನಲ್ಲಿಯೂ ಕಟ್ಟಿದವರಿಗೆ ದೊರೆತ ತಿಳಿವು, ಮೂಲವನ್ನು ಬರಿದೆ ನೋಡಿಹೋದವರಿಗೆ ದೊರೆಯುವಂಥದಲ್ಲ.

ದೊಡ್ಡ ಯಂತ್ರಗಳ ಮಾತು ಹಾಗಿರಲಿ; ಗೃಹಸ್ಥರ ಮನೆಗಳಲ್ಲಿ ನಡೆಯುವುದಾದರೂ ಏನು? ಅಜ್ಜನ ಕಾಲದ ತೋಪಡವನ್ನೂ ಬಾಚಿಯನ್ನೂ ಮಹಾನವಮಿಯಂದು ಅಟ್ಟದಿಂದಿಳಿಸಿ, ಕುಂಕುಮವಿಟ್ಟು, ಮರುದಿನ ಅಟ್ಟಕ್ಕೇರಿಸುವರು. ಕೆಲಸಮಾಡದ ಆಯುಧಕ್ಕೆ ಎಂತಹ ಪೂಜೆ? ಅಲಗು ಮಸೆಯಬಲ್ಲ ಮುದುಕ ಬಡಗಿಯು ಬೀದಿಯಲ್ಲಿನ್ನೂ ಇರುವಾಗಲೇ ಮನೆಯ ಹುಡುಗನನ್ನು ಆ ತೋಪಡದೊಡನೆ ಆತನ ಬಳಿಗೆ ಕಳುಹಿಸಲಿ. ಹಲಗೆಯಿಂದ ಸುರುಳಿಯೆದ್ದ ಮೇಲೆ ಕುಂಕುಮವಿಡಲಿ.