ಸ್ವಭಾವ ಬದಲಾದರೆ ಮೊದಲು ಮಿದುಳು ನೋಡಿ

ಸಾಗರ ತಾಲ್ಲೂಕಿನ ನಮ್ಮೂರಲ್ಲಿ ಅಪ್ಪ ಪೋಸ್ಟ್‌ಮ್ಯಾನ್ ಆಗಿದ್ದರು. ವಿಧವಾ ವೇತನದ ಮನಿಯಾರ್ಡರ್ ಬಂದ ದಿನ ಅಜ್ಜಿಯಂದಿರ ಜಗಲಿಯಲ್ಲಿ ಕೂತು, ನೋಟುಗಳನ್ನು ಎರಡೆರಡು ಸಲ ಎಣಿಸಿ ಕೊಡುತ್ತಿದ್ದರು. ಐದು ರೂಪಾಯಿ ಇಟ್ಟುಕೊಳ್ಳಿ ಎಂದು ಯಾರಾದರೂ ಅಂದರೆ ಅವರ ಮುಖ ಬಿಗಿಯುತ್ತಿತ್ತು. ಅಂಥವರು ನಿವೃತ್ತರಾದ ಮರುವರ್ಷ ಅಂಗಡಿಯ ಭರಣಿಗೆ ಕೈಹಾಕಿ, ಕೊಬ್ಬರಿ ಮಿಠಾಯಿ ತೆಗೆದುಕೊಂಡು, ದುಡ್ಡು ಕೊಡದೆ ನಡೆದುಬಿಟ್ಟರು. ಪಕ್ಕದ ಮನೆಯ ಹಿರಿಯರು ತೀರಿಕೊಂಡಾಗ, ಹೆಣ ಇನ್ನೂ ಜಗಲಿಯಲ್ಲಿರುವಾಗಲೇ ಗಟ್ಟಿಯಾಗಿ ನಕ್ಕು "ಕಾಫಿ ಇಲ್ವಾ?" ಎಂದು ಕೇಳಿದರು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮನೆಗೆ ಬಂದಳು.

ಒಂದು ರಾತ್ರಿ ಅಡುಗೆಮನೆಯಲ್ಲಿ ಸದ್ದಾಯಿತು. ಎದ್ದು ಹೋಗಿ ನೋಡಿದರೆ ಅಪ್ಪ ಜೋನಿ ಬೆಲ್ಲದ ಡಬ್ಬಿಗೆ ಕೈ ಅದ್ದಿ ನೆಕ್ಕುತ್ತಿದ್ದರು. ಬೆಲ್ಲ ಮೊಣಕೈವರೆಗೆ ಇಳಿದಿತ್ತು. ಪಾಯಸವನ್ನೂ ಅರ್ಧ ಸೌಟು ಸಾಕು ಎನ್ನುತ್ತಿದ್ದವರು! "ಅಪ್ಪಾ" ಎಂದೆ. ತಿರುಗಿ ನೋಡಿದರು, ನನ್ನ ಹೆಸರು ಹಿಡಿದು ಕರೆದರು. ಮರೆವು ಏನೂ ಇರಲಿಲ್ಲ. ಆದರೆ ಮುಖದಲ್ಲಿ ನಾಚಿಕೆಯ ಎಳೆಯೂ ಇರಲಿಲ್ಲ. ನಾನು ಹೆದರಿದ್ದು ಆಗ.

ಊರವರ ಬಳಿ ಕಾರಣಗಳು ಸಿದ್ಧವಿದ್ದವು: ಪಿಂಚಣಿಯ ಸೊಕ್ಕು, ಅರವತ್ತರ ಅರಳುಮರಳು, ಯಾರೋ ಮಾಡಿಸಿದ್ದು. ತೋರಿಸಿದ ಮೊದಲ ಆಸ್ಪತ್ರೆಯಲ್ಲಿ ಶುಗರ್, ಬಿಪಿ ನೋಡಿ, ನಿದ್ದೆ ಮಾತ್ರೆ ಬರೆದು ಕಳಿಸಿದರು. ಎರಡು ವರ್ಷ ಹೀಗೇ ಕಳೆಯಿತು. ಆ ಎರಡು ವರ್ಷ ನಾವು ಅಪ್ಪನನ್ನು ಬೈದೆವು. ತಮ್ಮ ಒಮ್ಮೆ ಕೈಯನ್ನೂ ಎತ್ತಿದ.

ಕೊನೆಗೆ ಬೆಂಗಳೂರಿನಲ್ಲಿ ನರರೋಗ ತಜ್ಞರೊಬ್ಬರು ಎಂಆರ್‌ಐ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಹಣೆಯ ಹಿಂದಿನ ಭಾಗದಲ್ಲಿ ಮಿದುಳು ಸೊರಗಿ, ಸಿಪ್ಪೆಗೋಟಿನೊಳಗೆ ಒಣಗಿ ಸಡಿಲಾದ ಅಡಿಕೆಯ ಹಾಗೆ ಕಾಣುತ್ತಿತ್ತು. ಫ್ರಂಟೋಟೆಂಪೊರಲ್ ಡಿಮೆನ್ಷಿಯಾ. ಪ್ರಾಗ್ ನಗರದ ವೈದ್ಯ ಆರ್ನಾಲ್ಡ್ ಪಿಕ್ 1892ರಲ್ಲೇ ವಿವರಿಸಿದ ಕಾಯಿಲೆ ಇದು. ಹೆಚ್ಚಾಗಿ 45ರಿಂದ 65ರ ವಯಸ್ಸಿನಲ್ಲಿ ಶುರುವಾಗುತ್ತದೆ. ಅನೇಕರಲ್ಲಿ ನೆನಪಿಗಿಂತ ಮೊದಲು ಸಂಕೋಚ, ಮರುಕ, ತಡೆದುಕೊಳ್ಳುವ ಶಕ್ತಿ ಹೋಗುತ್ತವೆ. ಸಿಹಿಯ ಹುಚ್ಚು ಹತ್ತುವುದೂ ಅದರದೇ ಲಕ್ಷಣ.

ನಡವಳಿಕೆಯ ಬೇರನ್ನು ಮಿದುಳು, ನರ, ಹಾರ್ಮೋನು, ಜೀನ್‌ಗಳಲ್ಲಿ ಹುಡುಕುವುದಕ್ಕೆ ಮನೋವಿಜ್ಞಾನದಲ್ಲಿ ಜೈವಿಕ ದೃಷ್ಟಿಕೋನ ಎನ್ನುತ್ತಾರೆ. ಪಿಯುಸಿಯಲ್ಲಿ ಇದನ್ನೇ ಬಾಯಿಪಾಠ ಮಾಡಿ ಅಂಕ ತೆಗೆದಿದ್ದೆ. ಮನೆಯೊಳಗೇ ಅದು ನಡೆಯುತ್ತಿದ್ದಾಗ ನನಗೆ ಹೊಳೆಯಲಿಲ್ಲ. ಇವತ್ತಿಗೂ ನನ್ನನ್ನು ಚುಚ್ಚುವುದು ಅದು. ಜೀವಮಾನವಿಡೀ ಒಂದು ರೀತಿ ಬದುಕಿದವರು ನಡುವಯಸ್ಸು ದಾಟಿದ ಮೇಲೆ ಇದ್ದಕ್ಕಿದ್ದಂತೆ ಬೇರೆಯಾದರೆ, ತೀರ್ಪು ಕೊಡುವ ಮೊದಲು ಮಿದುಳನ್ನು, ರಕ್ತವನ್ನು ಪರೀಕ್ಷಿಸಬೇಕು. ಅಪ್ಪನ ಕಾಯಿಲೆಗೆ ಮದ್ದಿಲ್ಲ, ನಿಜ. ಆದರೆ ಥೈರಾಯ್ಡ್ ಕುಗ್ಗಿದರೂ, ಬಿ12 ತೀರಾ ಇಳಿದರೂ, ಹಣೆಯ ಹಿಂದೆ ಗಡ್ಡೆ ಬೆಳೆದರೂ ಮನುಷ್ಯ ಬದಲಾಗಬಹುದು. ಅವಕ್ಕೆ ಚಿಕಿತ್ಸೆಯಿದೆ. ಎಷ್ಟು ಮನೆಗಳಲ್ಲಿ ಅಂಥವರು ಬೈಗುಳ ತಿನ್ನುತ್ತಾ ಮೂಲೆಯಲ್ಲಿ ಕೂತಿದ್ದಾರೋ!

ಹಾಗೆಂದು ಎಲ್ಲವನ್ನೂ ಮಿದುಳಿನ ತಲೆಗೆ ಕಟ್ಟುವುದನ್ನೂ ನಾನು ಒಪ್ಪುವುದಿಲ್ಲ. ಕುಡಿದು ಹೆಂಡತಿಗೆ ಹೊಡೆಯುವವನಿಗೆ "ಅವನ ಜೀನ್ ಹಾಗೆ" ಎನ್ನುವುದು, ಓದದ ಹುಡುಗನಿಗೆ "ಡೋಪಮೈನ್ ಕಡಿಮೆ" ಎನ್ನುವುದು ಈಗ ಸಲೀಸಾಗಿದೆ. ಅಪ್ಪನ ಕಾಯಿಲೆ ಕೆಲವು ಕುಟುಂಬಗಳಲ್ಲಿ ಜೀನ್ ಮೂಲಕ ಇಳಿಯುತ್ತದೆ. ನನಗೂ ಐವತ್ತು ದಾಟಿತು. ಆ ಭಯ ಇಟ್ಟುಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಮಿದುಳಿಗೇ ಪೆಟ್ಟಾದಾಗಲೂ ಎಲ್ಲವನ್ನೂ ಅದರ ಮೇಲೆ ಹಾಕಲಾಗದು ಎನ್ನುವುದಕ್ಕೆ ಒಂದು ಹಳೆಯ ಕಥೆಯಿದೆ. ಅಮೆರಿಕದ ವರ್ಮಾಂಟ್‌ನಲ್ಲಿ 1848ರ ಸೆಪ್ಟೆಂಬರ್ 13ರಂದು ರೈಲು ದಾರಿಗೆ ಬಂಡೆ ಸಿಡಿಸುವಾಗ, ಮೂರೂವರೆ ಅಡಿಗೂ ಉದ್ದದ ಕಬ್ಬಿಣದ ಸಲಾಕೆ ಫಿನಿಯಾಸ್ ಗೇಜ್ ಎಂಬ ಮೇಸ್ತ್ರಿಯ ಕೆನ್ನೆಯಿಂದ ನುಗ್ಗಿ ನೆತ್ತಿಯಿಂದ ಹೊರಬಿತ್ತು. ಅವನು ಬದುಕಿದ, ಆದರೆ ಒರಟನಾದ, ಅವನು ಅವನಾಗಿ ಉಳಿಯಲಿಲ್ಲ ಎಂಬಲ್ಲಿಗೆ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಕಥೆ ನಿಲ್ಲಿಸುತ್ತವೆ. ಮುಂದೆ ಅವನು ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಆರು ಕುದುರೆಗಳ ಪ್ರಯಾಣಿಕರ ಗಾಡಿ ಹೊಡೆದ. ದಿನವೂ ಅದೇ ಲಾಯ, ಅದೇ ಕೆಲಸ. ಆ ಕ್ರಮವೇ ಅವನನ್ನು ಮತ್ತೆ ಹದಕ್ಕೆ ತಂದಿರಬೇಕು ಎನ್ನುವ ಸಂಶೋಧಕರಿದ್ದಾರೆ. ಇದನ್ನು ಓದಿದ ದಿನ ನಾನು ತಮ್ಮನಿಗೆ ಫೋನ್ ಮಾಡಿದೆ.

ಅಪ್ಪನ ಗಾಯ ಗೇಜ್‌ನದರಂತೆ ಮಾಯುವಂಥದಲ್ಲ. ಆದರೂ ಮಾರನೇ ದಿನದಿಂದ ಬೆಳಿಗ್ಗೆ ಹತ್ತಕ್ಕೆ ಅವರಿಗೆ ಖಾಕಿ ಅಂಗಿ ತೊಡಿಸಿ, ಹಳೆಯ ಲಗ್ನಪತ್ರಿಕೆಗಳ ಕಟ್ಟು ಕೈಗೆ ಕೊಟ್ಟೆವು. ಅಪ್ಪ ಅವನ್ನು ನೆಲದ ಮೇಲೆ ಹರಡಿ ಮನೆಗಳ ಸಾಲಿನ ಪ್ರಕಾರ ಜೋಡಿಸುತ್ತಿದ್ದರು. ಒಂದೂ ತಪ್ಪುತ್ತಿರಲಿಲ್ಲ. ಆಮೇಲೆ ಚೀಲ ಹೆಗಲಿಗೇರಿಸಿ ತಮ್ಮ ಹಳೆಯ ಬೀಟಿಗೆ ಹೊರಡುತ್ತಿದ್ದರು, ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ತಮ್ಮ. ಅಂಗಡಿಯವರಿಗೆ ಮೊದಲೇ ಹೇಳಿಟ್ಟಿದ್ದೆವು. ಭರಣಿಯನ್ನು ಅವರು ಮುಂದಕ್ಕೆ ಸರಿಸಿ, ಮುಚ್ಚಳ ತೆಗೆದು, "ತಗೊಳ್ಳಿ ಮಾಸ್ತ್ರೇ" ಎನ್ನುತ್ತಿದ್ದರು.