ಸೋತವರಿಗೆ ಮೊದಲ ಸರದಿ, ಗೆದ್ದವರಿಗೆ ರಿಯಾಯಿತಿ: ಆಸ್ಟ್ರೇಲಿಯಾ ಫುಟ್‌ಬಾಲ್ ಡ್ರಾಫ್ಟ್‌ನ ಒಳಲೆಕ್ಕ

2024ರ ಸೆಪ್ಟೆಂಬರ್ ಕೊನೆಯ ಶನಿವಾರ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಬ್ರಿಸ್ಬೇನ್ ಲಯನ್ಸ್ ತಂಡ ಸಿಡ್ನಿ ಸ್ವಾನ್ಸ್ ತಂಡವನ್ನು 60 ಅಂಕಗಳಿಂದ ಮಣಿಸಿ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ (ಎಎಫ್‌ಎಲ್) ಪ್ರಶಸ್ತಿ ಗೆದ್ದಿತು. ಎರಡು ತಿಂಗಳ ನಂತರ ಹೊಸ ಹುಡುಗರ ಆಯ್ಕೆಗೆ ಡ್ರಾಫ್ಟ್ ನಡೆಯಿತು. ನಿಯಮದ ಪ್ರಕಾರ ಚಾಂಪಿಯನ್ ತಂಡಕ್ಕೆ ಮೊದಲ ಸುತ್ತಿನಲ್ಲಿ ಕೊನೆಯ ಸರದಿ ಬರಬೇಕು. ಆದರೆ ದೇಶದ ಅತ್ಯುತ್ತಮ ಹುಡುಗರಲ್ಲಿ ಒಬ್ಬನಾದ ಲೆವಿ ಆಶ್‌ಕ್ರಾಫ್ಟ್, ಐದನೇ ಆಯ್ಕೆಯಾಗಿ ಸೇರಿದ್ದು ಇದೇ ಬ್ರಿಸ್ಬೇನ್ ತಂಡವನ್ನು. ಆ ವರ್ಷದ ಫೈನಲ್‌ನಲ್ಲಿ ಪಂದ್ಯಶ್ರೇಷ್ಠನಾಗಿದ್ದ ಅಣ್ಣ ವಿಲ್ ಆಶ್‌ಕ್ರಾಫ್ಟ್ ಕೂಡ 2022ರಲ್ಲಿ ಇದೇ ದಾರಿಯಲ್ಲಿ, ಎರಡನೇ ಆಯ್ಕೆಯಾಗಿ ಬಂದವರು.

2025ರಲ್ಲಿ ಮತ್ತೆ ಬ್ರಿಸ್ಬೇನ್ ಚಾಂಪಿಯನ್. ಮತ್ತೆ ವಿಲ್ ಪಂದ್ಯಶ್ರೇಷ್ಠ. ದುರ್ಬಲರನ್ನು ಮೇಲೆತ್ತಲೆಂದೇ ಹುಟ್ಟಿದ ವ್ಯವಸ್ಥೆಯೊಂದು ಗೆದ್ದವರ ಕೈಯನ್ನೇ ಬಲಪಡಿಸಿದ್ದು ಹೇಗೆ? ಆಸ್ಟ್ರೇಲಿಯಾದಲ್ಲಿ ಈಗ ಬಿಸಿಬಿಸಿ ಚರ್ಚೆ ನಡೆಯುತ್ತಿರುವುದು ಈ ಪ್ರಶ್ನೆಯ ಸುತ್ತಲೇ.

ಹರಾಜಲ್ಲ, ಸರದಿ

ಮೊದಲು ಆಟದ ಬಗ್ಗೆ ಎರಡು ಮಾತು. ಇದು ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ, ರಗ್ಬಿಯೂ ಅಲ್ಲ. ಕ್ರಿಕೆಟ್ ಮೈದಾನದಷ್ಟು ದೊಡ್ಡ ಅಂಗಳದಲ್ಲಿ ತಂಡಕ್ಕೆ 18 ಮಂದಿಯಂತೆ ಇಳಿದು, ಮೊಟ್ಟೆಯಾಕಾರದ ಚೆಂಡನ್ನು ಒದ್ದು, ಮುಷ್ಟಿಯಿಂದ ಗುದ್ದಿ ಸಾಗಿಸುವ ಆಟ. ಲೀಗ್‌ನಲ್ಲಿ 18 ಕ್ಲಬ್‌ಗಳಿವೆ.

ಐಪಿಎಲ್ ಹರಾಜು ನೋಡಿ ಅಭ್ಯಾಸವಾದ ನಮಗೆ ಡ್ರಾಫ್ಟ್ ಸ್ವಲ್ಪ ವಿಚಿತ್ರ ಅನಿಸಬಹುದು. ಇಲ್ಲಿ ದುಡ್ಡಿನ ಕೂಗಾಟವಿಲ್ಲ. ಅಂಕಪಟ್ಟಿಯ ಕೊನೆಯಲ್ಲಿರುವ ಕ್ಲಬ್ ಮೊದಲು ಒಬ್ಬನ ಹೆಸರು ಹೇಳುತ್ತದೆ, ಅದಕ್ಕಿಂತ ಮೇಲಿನ ಕ್ಲಬ್ ನಂತರ, ಹೀಗೆ ಸರದಿ ಸಾಗುತ್ತದೆ. 2025ರಲ್ಲಿ ಒಂದೇ ಒಂದು ಪಂದ್ಯ ಗೆದ್ದು ತಳ ಸೇರಿದ್ದ ವೆಸ್ಟ್ ಕೋಸ್ಟ್ ಈಗಲ್ಸ್, ಮೊದಲ ಆಯ್ಕೆಯಾಗಿ ವಿಲ್ಲೆಮ್ ಡೂರ್ಸ್ಮಾ ಅವರನ್ನು ಪಡೆಯಿತು. ಹೆಸರು ಕರೆಸಿಕೊಂಡ ಹುಡುಗನಿಗೆ ಕ್ಲಬ್ ಆರಿಸಿಕೊಳ್ಳುವ ಹಕ್ಕಿಲ್ಲ. ಕರೆದಲ್ಲಿಗೆ ಹೋಗಬೇಕು.

ಭಾರತಕ್ಕೆ ಇದು ಪೂರ್ತಿ ಹೊಸದೇನಲ್ಲ. 2008ರ ಮೊದಲ ಐಪಿಎಲ್‌ಗೆ ಮುನ್ನ, 19 ವರ್ಷದೊಳಗಿನ ಭಾರತ ತಂಡದ ಆಟಗಾರರನ್ನು ಹರಾಜಿನ ಬದಲು ಡ್ರಾಫ್ಟ್ ಮೂಲಕವೇ ಹಂಚಲಾಗಿತ್ತು. ದೆಹಲಿ ತಂಡ ತನ್ನ ಸರದಿಯಲ್ಲಿ ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಹೆಸರು ಹೇಳಿತು. ದೆಹಲಿಯದೇ ಹುಡುಗ ವಿರಾಟ್ ಕೊಹ್ಲಿ ಬೆಂಗಳೂರಿನ ಪಾಲಾದರು. ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ಯಾರು ಏನಾಗುತ್ತಾರೆ ಎಂದು ಊಹಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಆಸ್ಟ್ರೇಲಿಯಾದಲ್ಲೂ ಅದೇ ಕಥೆ. 1990ರ ಡ್ರಾಫ್ಟ್‌ನಲ್ಲಿ 79ನೆಯವರಾಗಿ ಆಯ್ಕೆಯಾದ ಜೇಮ್ಸ್ ಹರ್ಡ್, 1996ರಲ್ಲಿ ಲೀಗ್‌ನ ಶ್ರೇಷ್ಠ ಆಟಗಾರನಿಗೆ ಸಿಗುವ ಬ್ರೌನ್‌ಲೋ ಪದಕವನ್ನು ಹಂಚಿಕೊಂಡರು. ಮಾರ್ಲಿಯನ್ ಪಿಕೆಟ್ ಅವರನ್ನು ರಿಚ್ಮಂಡ್ ತಂಡ 2019ರ ಋತುವಿನ ಮಧ್ಯದಲ್ಲಿ, ಅವರ 27ನೇ ವಯಸ್ಸಿನಲ್ಲಿ ಸೇರಿಸಿಕೊಂಡಿತು. ಅವರು ಆಡಿದ ಮೊದಲ ಪಂದ್ಯವೇ ಆ ವರ್ಷದ ಫೈನಲ್, ಅದರಲ್ಲೇ ಪ್ರಶಸ್ತಿ.

ನ್ಯಾಯಾಲಯದ ಬಾಗಿಲಿನಿಂದ ಬಂದ ವ್ಯವಸ್ಥೆ

ಡ್ರಾಫ್ಟ್‌ಗಿಂತ ಮೊದಲು ವಿಕ್ಟೋರಿಯಾದಲ್ಲಿ ವಲಯ ಪದ್ಧತಿ ಇತ್ತು. ಹುಡುಗ ಯಾವ ಪ್ರದೇಶದಲ್ಲಿದ್ದಾನೋ ಆ ಪ್ರದೇಶದ ಕ್ಲಬ್‌ಗೇ ಅವನು ಸೇರಬೇಕು. ಸೌತ್ ಮೆಲ್ಬರ್ನ್ ಕ್ಲಬ್ 1982ರಲ್ಲಿ ಸಿಡ್ನಿಗೆ ಸ್ಥಳಾಂತರವಾದಾಗ ಸಿಲ್ವಿಯೊ ಫೋಸ್ಕಿನಿ ಎಂಬ ಯುವ ಆಟಗಾರ ಊರು ಬಿಡಲು ಒಪ್ಪದೆ, ಮೆಲ್ಬರ್ನ್‌ನ ಸೇಂಟ್ ಕಿಲ್ಡಾ ಪರ ಆಡಲು ಬಯಸಿದರು. ಲೀಗ್ ತಡೆಯಿತು. ಪ್ರಕರಣ ವಿಕ್ಟೋರಿಯಾದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 1983ರಲ್ಲಿ ನ್ಯಾಯಾಲಯ, ಲೀಗ್‌ನ ಕಟ್ಟುಪಾಡುಗಳು ವೃತ್ತಿ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು ಹೇಳಿತು.

ಹಳೆ ಬೇಲಿ ಬಿತ್ತು. ಹಣವಿರುವ ಕ್ಲಬ್‌ಗಳು ಎಲ್ಲರನ್ನೂ ಬಾಚಿಕೊಳ್ಳುವ ಭಯ ಹುಟ್ಟಿತು. ಅದಕ್ಕೆ ಉತ್ತರವಾಗಿ ಬಂದದ್ದು ಎರಡು ಸಾಧನಗಳು: ತಂಡದ ಒಟ್ಟು ಸಂಬಳಕ್ಕೆ ಮಿತಿ ಮತ್ತು 1986ರಲ್ಲಿ ಶುರುವಾದ ಡ್ರಾಫ್ಟ್.

ಇಲ್ಲೊಂದು ಸೂಕ್ಷ್ಮವಿದೆ. ನ್ಯೂ ಸೌತ್ ವೇಲ್ಸ್‌ನ ರಗ್ಬಿ ಲೀಗ್ ಇಂಥದ್ದೇ ಡ್ರಾಫ್ಟ್ ತಂದಾಗ ಆಟಗಾರರು ಕೋರ್ಟ್‌ಗೆ ಹೋದರು. 1991ರಲ್ಲಿ ಫೆಡರಲ್ ಕೋರ್ಟ್‌ನ ಪೂರ್ಣ ಪೀಠ ಅದನ್ನು ರದ್ದು ಮಾಡಿತು. ಎಎಫ್‌ಎಲ್‌ನಲ್ಲಿ ಡ್ರಾಫ್ಟ್ ಉಳಿದುಕೊಂಡಿರುವುದು ಬಹುಮಟ್ಟಿಗೆ ಆಟಗಾರರ ಸಂಘ ಅದನ್ನು ಒಪ್ಪಿಕೊಂಡು ಬಂದಿರುವುದರಿಂದ. ಆದರೆ ಒಪ್ಪುವವರು ಈಗಾಗಲೇ ಒಳಗಿರುವ ಆಟಗಾರರು. ನಿಯಮ ಬೀಳುವುದು ಇನ್ನೂ ಹೊರಗೆ ನಿಂತಿರುವ ಹುಡುಗನ ಮೇಲೆ.

ಕೆಲಸ ಮಾಡುತ್ತದೆಯೇ?

ಮಾಡುತ್ತದೆ, ಆದರೆ ನಿಧಾನವಾಗಿ. ಇದೇ ಬ್ರಿಸ್ಬೇನ್ 2017ರಲ್ಲಿ ಕೊನೆಯ ಸ್ಥಾನದಲ್ಲಿತ್ತು. ಮೊದಲ ಆಯ್ಕೆಯಾಗಿ ಬಂದ ಕ್ಯಾಮ್ ರೇನರ್ 2024ರ ಪ್ರಶಸ್ತಿ ತಂಡದಲ್ಲಿದ್ದರು. ಏಳು ವರ್ಷದಲ್ಲಿ ತಳದಿಂದ ತುದಿಗೆ. ಡ್ರಾಫ್ಟ್ ಕನಸು ಅಂದರೆ ಇದೇ.

ಅಡ್ಡದಾರಿಯೂ ಇತ್ತು. ತೀರಾ ಕಳಪೆಯಾಗಿ ಆಡಿದ ತಂಡಕ್ಕೆ ಹೆಚ್ಚುವರಿ ಆಯ್ಕೆ ಕೊಡುವ ನಿಯಮವಿದ್ದಾಗ, 2009ರಲ್ಲಿ ನಾಲ್ಕೇ ಪಂದ್ಯ ಗೆದ್ದ ಮೆಲ್ಬರ್ನ್ ಕ್ಲಬ್‌ಗೆ ಮೊದಲ ಎರಡೂ ಆಯ್ಕೆಗಳು ದಕ್ಕಿದವು. ಬೇಕೆಂದೇ ಸೋತರೇ ಎಂಬ ಅನುಮಾನ ತನಿಖೆಗೆ ಹೋಯಿತು. ಉದ್ದೇಶಪೂರ್ವಕ ಸೋಲು ಸಾಬೀತಾಗಲಿಲ್ಲ. ಆದರೂ 2013ರಲ್ಲಿ ಕ್ಲಬ್‌ಗೆ 5 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಅಷ್ಟೆಲ್ಲ ಆಗಿ ಮೊದಲ ಆಯ್ಕೆಯಾಗಿ ಬಂದಿದ್ದ ಟಾಮ್ ಸ್ಕಲಿ ಎರಡೇ ವರ್ಷಕ್ಕೆ ಬೇರೆ ಕ್ಲಬ್ ಸೇರಿದರು. ಮೆಲ್ಬರ್ನ್ ಪ್ರಶಸ್ತಿ ಗೆಲ್ಲಲು 2021ರವರೆಗೆ ಕಾಯಬೇಕಾಯಿತು.

ಅಪ್ಪ ಆಡಿದ್ದರೆ ಮಗನಿಗೆ ಬೇರೆ ಬಾಗಿಲು

ಈಗಿನ ತಕರಾರು ಸೋಲುವವರ ಬಗ್ಗೆ ಅಲ್ಲ, ವಿನಾಯಿತಿಗಳ ಬಗ್ಗೆ. ಮುಖ್ಯವಾಗಿ ಎರಡು ಬಾಗಿಲುಗಳಿವೆ.

ಒಂದು, ತಂದೆ-ಮಗ ನಿಯಮ. ತಂದೆ ಒಂದು ಕ್ಲಬ್ ಪರ 100 ಪಂದ್ಯ ಆಡಿದ್ದರೆ ಮಗನನ್ನು ಪಡೆಯಲು ಆ ಕ್ಲಬ್‌ಗೆ ಮೊದಲ ಹಕ್ಕು. ಆಶ್‌ಕ್ರಾಫ್ಟ್ ಸೋದರರ ತಂದೆ ಮಾರ್ಕಸ್, ಬ್ರಿಸ್ಬೇನ್‌ನ ಮೂರು ಪ್ರಶಸ್ತಿಗಳ ಆಟಗಾರ. 2021ರಲ್ಲಿ ನಿಕ್ ಡೇಕೊಸ್ ಇದೇ ನಿಯಮದಡಿ ತಂದೆ ಪೀಟರ್ ಆಡಿದ್ದ ಕಾಲಿಂಗ್‌ವುಡ್‌ಗೆ ಹೋದರು. ಎರಡೇ ವರ್ಷದಲ್ಲಿ ಆ ತಂಡ ಚಾಂಪಿಯನ್ ಆಯಿತು.

ಎರಡು, ಅಕಾಡೆಮಿ. ಸಿಡ್ನಿ, ಬ್ರಿಸ್ಬೇನ್, ಗೋಲ್ಡ್ ಕೋಸ್ಟ್ ಮುಂತಾದ ಉತ್ತರದ ಕ್ಲಬ್‌ಗಳು ತಾವೇ ತರಬೇತಿ ಕೊಟ್ಟ ಸ್ಥಳೀಯ ಹುಡುಗರ ಮೇಲೆ ಮೊದಲ ಹಕ್ಕು ಹೊಂದಿವೆ. ಮೂಲನಿವಾಸಿ ಸಮುದಾಯಗಳ ಮತ್ತು ಏಷ್ಯಾ, ಆಫ್ರಿಕಾದಿಂದ ಬಂದ ಕುಟುಂಬಗಳ ಮಕ್ಕಳಿಗಾಗಿ ಉಳಿದ ಕ್ಲಬ್‌ಗಳಿಗೂ ಇಂಥ ಅಕಾಡೆಮಿಗಳಿವೆ. ಮೆಲ್ಬರ್ನ್‌ನಲ್ಲಿ ನೆಲೆ ನಿಂತ ಭಾರತೀಯ ಕುಟುಂಬಗಳ ಮಕ್ಕಳೂ ಈ ದಾರಿ ಹಿಡಿಯಲು ಅವಕಾಶವಿದೆ.

ಹಕ್ಕು ಪುಕ್ಕಟೆಯಲ್ಲ. ಬೇರೆ ಕ್ಲಬ್ ಆ ಹುಡುಗನ ಹೆಸರು ಕೂಗಿದಾಗ, ಹಕ್ಕಿರುವ ಕ್ಲಬ್ ಅಷ್ಟೇ ಬೆಲೆ ತೆರಬೇಕು. 2014ರಲ್ಲಿ ಫೈನಲ್ ತಲುಪಿದ್ದ ಸಿಡ್ನಿ, ಐಸಾಕ್ ಹೀನಿಯಂಥ ಪ್ರತಿಭೆಯನ್ನು 18ನೇ ಆಯ್ಕೆ ಕೊಟ್ಟು ಪಡೆದದ್ದು ಗದ್ದಲಕ್ಕೆ ಕಾರಣವಾಯಿತು. 2015ರಲ್ಲಿ ಪ್ರತಿ ಸರದಿಗೂ ಅಂಕ ನಿಗದಿಯಾಯಿತು. ಮೊದಲ ಸರದಿಗೆ 3,000, ಐದನೆಯದಕ್ಕೆ 1,878, ಹೀಗೆ.

ಕೇಳಲು ನ್ಯಾಯವಾಗಿದೆ. ಆದರೆ ಮೊದಲ ಸುತ್ತಿನ ಹುಡುಗರ ಮೇಲೆ ಶೇ. 20ರ ರಿಯಾಯಿತಿಯೂ ಇತ್ತು. ಲೆಕ್ಕ ಹಾಕಿ ನೋಡಿ. ಐದನೇ ಸರದಿಯ ಹುಡುಗ ರಿಯಾಯಿತಿ ಕಳೆದು ಸುಮಾರು 1,502 ಅಂಕಕ್ಕೆ ಸಿಗುತ್ತಾನೆ. ಹಳೆ ಪಟ್ಟಿಯಲ್ಲಿ 30, 35 ಮತ್ತು 40ನೇ ಸರದಿಗಳನ್ನು ಕೂಡಿದರೆ 1,580 ಆಗುತ್ತದೆ. ಅಂದರೆ ಯಾರಿಗೂ ಅಷ್ಟಾಗಿ ಬೇಡವಾದ ಮೂರು ಸರದಿ ಕೊಟ್ಟರೆ ದೇಶದ ಐದನೇ ಅತ್ಯುತ್ತಮ ಹುಡುಗ ನಿಮ್ಮವ. ಯಾವ ಕ್ಲಬ್ ಕೂಡ ಐದನೇ ಸರದಿಯನ್ನು ಆ ಬೆಲೆಗೆ ಮಾರುವುದಿಲ್ಲ. ಮೂರು ಹಳೆ ಸ್ಕೂಟರ್ ಕೊಟ್ಟು ಒಂದು ಹೊಸ ಕಾರು ತಂದಂತೆ ಇದು.

ಇದರ ಪೆಟ್ಟು ಯಾರಿಗೆ? 2020 ನೋಡಿ. ಕೊನೆಯ ಸ್ಥಾನದಲ್ಲಿದ್ದ ಅಡಿಲೇಡ್ ಮೊದಲ ಸರದಿಯಲ್ಲಿ ಜಮಾರ ಯೂಗಲ್-ಹೇಗನ್ ಹೆಸರು ಕೂಗಿತು. ಅಕಾಡೆಮಿ ಹಕ್ಕು ಹೊಂದಿದ್ದ ವೆಸ್ಟರ್ನ್ ಬುಲ್‌ಡಾಗ್ಸ್ ಅಂಕ ತೆತ್ತು ಅವರನ್ನು ಪಡೆಯಿತು. ಬುಲ್‌ಡಾಗ್ಸ್ ಆ ವರ್ಷ ನಾಕೌಟ್ ಹಂತಕ್ಕೆ ಅರ್ಹತೆ ಪಡೆದಿದ್ದ ತಂಡ. ಆ ನಂತರ ಈ ಬಗೆಯ ಅಕಾಡೆಮಿಗಳ ಹಕ್ಕನ್ನು ಬಿಗಿಗೊಳಿಸಿದರು, 2024ರಲ್ಲಿ ಮತ್ತೆ ಸಡಿಲಿಸಿದರು. ನಿಯಮ ವರ್ಷಕ್ಕೊಂದು ದಿಕ್ಕಿಗೆ ವಾಲಿದರೆ ಅಭಿಮಾನಿಗೆ ನಂಬಿಕೆ ಉಳಿಯುವುದು ಹೇಗೆ?

ಉತ್ತರದವರ ವಾದವೂ ಸುಳ್ಳಲ್ಲ

ವಿನಾಯಿತಿಗಳನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ರಗ್ಬಿ ಲೀಗ್‌ನ ನಾಡು. ಅಲ್ಲಿನ ಕ್ಲಬ್‌ಗಳು ದಕ್ಷಿಣದ ಹುಡುಗರನ್ನೇ ಡ್ರಾಫ್ಟ್‌ನಲ್ಲಿ ತರಬೇಕು, ಅವರು ಒಪ್ಪಂದ ಮುಗಿದ ಕೂಡಲೇ ಊರಿನತ್ತ ಮುಖ ಮಾಡುತ್ತಾರೆ. 2013ರ ಕೊನೆಯಲ್ಲಿ ಬ್ರಿಸ್ಬೇನ್‌ನಿಂದ ಒಟ್ಟಿಗೆ ಐದು ಯುವ ಆಟಗಾರರು ಹೊರಟುಹೋದರು. 2011ರಲ್ಲಿ ಲೀಗ್‌ಗೆ ಬಂದ ಗೋಲ್ಡ್ ಕೋಸ್ಟ್ ಮೊದಲ ಬಾರಿ ನಾಕೌಟ್ ಹಂತ ಕಂಡದ್ದು 2025ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ ಅಕಾಡೆಮಿಯ ನಾಲ್ವರು ಹುಡುಗರನ್ನು ಅದು ಒಂದೇ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಪಡೆದಿತ್ತು. ಮನೆಯ ಹತ್ತಿರವೇ ಆಡುವ ಹುಡುಗ ಕ್ಲಬ್ ಬಿಡುವುದು ಕಡಿಮೆ ಎಂಬ ಮಾತಿನಲ್ಲಿ ಹುರುಳಿದೆ.

ಅಪ್ಪನ ಜೆರ್ಸಿ ಮಗ ತೊಡುವುದನ್ನು ನೋಡಿ ಅಭಿಮಾನಿಗಳು ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ, ಅದೂ ನಿಜ. ಆದರೆ ಹೊಸ ಕ್ಲಬ್‌ಗಳಿಗೆ ಅಷ್ಟು ಹಳೆಯ ಅಪ್ಪಂದಿರೇ ಇಲ್ಲ. ಸದ್ಯದಲ್ಲೇ ಟಾಸ್ಮೇನಿಯಾ 19ನೇ ತಂಡವಾಗಿ ಬರಲಿದೆ. ಅದಕ್ಕೆ ಈ ಬಾಗಿಲು ತೆರೆಯಲು ಒಂದು ತಲೆಮಾರೇ ಬೇಕು.

ಲೆಕ್ಕದಲ್ಲಿ ಕಾಣದ ಹುಡುಗ

ಈ ಅಂಕಗಳ ಜಗಳದಲ್ಲಿ ಮರೆತುಹೋಗುವುದು ಹುಡುಗನನ್ನು. ಶಾಲೆ ಮುಗಿಸುತ್ತಿರುವ ವಯಸ್ಸು. ವಿಕ್ಟೋರಿಯಾದ ಸಣ್ಣ ಊರಿನ ಹಾರ್ಲಿ ರೀಡ್ 2023ರಲ್ಲಿ ಮೊದಲ ಆಯ್ಕೆಯಾಗಿ ಸೇರಿದ್ದು ಪರ್ತ್‌ನ ವೆಸ್ಟ್ ಕೋಸ್ಟ್ ತಂಡವನ್ನು. ಮೆಲ್ಬರ್ನ್‌ನಿಂದ ಪರ್ತ್‌ಗೆ ಸುಮಾರು 2,700 ಕಿ.ಮೀ., ಬೆಂಗಳೂರು-ದೆಹಲಿ ದೂರಕ್ಕಿಂತ ಹೆಚ್ಚು. ಆತ ಯಾವಾಗ ಊರಿಗೆ ಮರಳುತ್ತಾನೆ ಎಂಬ ಊಹಾಪೋಹ ಎರಡು ವರ್ಷ ನಿಲ್ಲಲೇ ಇಲ್ಲ. ಕೊನೆಗೆ 2025ರಲ್ಲಿ ಒಪ್ಪಂದ ವಿಸ್ತರಿಸಿ ಅಲ್ಲೇ ಉಳಿದರು. 2021ರ ಮೊದಲ ಆಯ್ಕೆ ಜೇಸನ್ ಹಾರ್ನ್-ಫ್ರಾನ್ಸಿಸ್ ಉಳಿಯಲಿಲ್ಲ. ನಾರ್ತ್ ಮೆಲ್ಬರ್ನ್‌ನಲ್ಲಿ ಒಂದೇ ವರ್ಷ ಕಳೆದು ತವರು ರಾಜ್ಯದ ಪೋರ್ಟ್ ಅಡಿಲೇಡ್ ಸೇರಿದರು.

ಓದಿಗೋ ಮೊದಲ ಕೆಲಸಕ್ಕೋ ಹದಿನೆಂಟರಲ್ಲಿ ಊರು ಬಿಟ್ಟು ಮುಂಬೈ, ಪುಣೆ, ದೆಹಲಿ ಸೇರಿದವರಿಗೆ ಈ ಸಂಕಟ ಹೊಸದಲ್ಲ. ವ್ಯತ್ಯಾಸ ಇಷ್ಟೇ: ನಾವು ಹೊರಟ ಊರನ್ನು ನಾವೋ ಮನೆಯವರೋ ಆರಿಸಿದ್ದೆವು. ಇಲ್ಲಿ ಆರಿಸುವುದು ಅಂಕಪಟ್ಟಿ.

ಡ್ರಾಫ್ಟ್ ಹುಡುಗನಿಂದ ಆಯ್ಕೆಯ ಸ್ವಾತಂತ್ರ್ಯ ಕಿತ್ತುಕೊಳ್ಳುತ್ತದೆ. ಅದಕ್ಕೆ ಕೊಡುವ ಸಮರ್ಥನೆ ಒಂದೇ: ಇದರಿಂದ ಎಲ್ಲ ತಂಡಗಳಿಗೂ ಗೆಲ್ಲುವ ಅವಕಾಶ ಸಿಗುತ್ತದೆ ಎಂಬುದು. ಸಮಾನತೆಯ ಹೆಸರಿನಲ್ಲಿ ಒಬ್ಬನನ್ನು 2,700 ಕಿ.ಮೀ. ದೂರ ಕಳಿಸಿ, ಇನ್ನೊಬ್ಬನನ್ನು ಅಪ್ಪನ ಹೆಸರಿನ ಮೇಲೆ ಚಾಂಪಿಯನ್ ತಂಡಕ್ಕೆ ರಿಯಾಯಿತಿ ದರದಲ್ಲಿ ಕೊಟ್ಟರೆ ಆ ಸಮರ್ಥನೆ ಕುಸಿಯುತ್ತದೆ.

ಮುಂದೇನು?

ಲೀಗ್‌ಗೆ ಇದು ಅರ್ಥವಾಗಿಲ್ಲವೆಂದಲ್ಲ. 2025ರಿಂದ ಅಂಕಪಟ್ಟಿ ಪರಿಷ್ಕರಿಸಿ, ಕೆಳಗಿನ ಸರದಿಗಳ ಬೆಲೆ ತಗ್ಗಿಸಿ, ರಿಯಾಯಿತಿಯನ್ನು ಶೇ. 20ರಿಂದ 10ಕ್ಕೆ ಇಳಿಸಿದೆ. ದಿಕ್ಕು ಸರಿ, ಹೆಜ್ಜೆ ಅರ್ಧ. ತಂದೆ-ಮಗ ನಿಯಮ ಇರಲಿ, ಅಕಾಡೆಮಿಗಳೂ ಇರಲಿ. ಆದರೆ ರಿಯಾಯಿತಿ ಏಕೆ? ಆ ಹುಡುಗ ನಿಜಕ್ಕೂ ಬೇಕಾದರೆ ಪೂರ್ತಿ ಬೆಲೆ ತೆರಲಿ. ಅದರಲ್ಲೂ ಹಿಂದಿನ ಫೈನಲ್ ಆಡಿದ ತಂಡವಾದರೆ, ಬೆಲೆಯ ದೊಡ್ಡ ಪಾಲನ್ನು ಮೊದಲ ಸುತ್ತಿನ ಸರದಿಯಿಂದಲೇ ಕೊಡಬೇಕೆಂಬ ನಿಯಮ ಬರಲಿ.

ಹಾಗೆ ಮಾಡಿದರೆ ಕೆಲವು ಕ್ಲಬ್‌ಗಳು ಮನೆಮಗನನ್ನು ಬಿಟ್ಟುಕೊಡಬೇಕಾದೀತು. ಅದು ಕಷ್ಟವೇ. ಆದರೆ ಅಪ್ಪ 100 ಪಂದ್ಯ ಆಡಿಲ್ಲದ, ಅಕಾಡೆಮಿಯ ನೆರಳಿಲ್ಲದ ಹುಡುಗರು ಪ್ರತಿ ನವೆಂಬರ್‌ನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಅಪರಿಚಿತ ಊರಿಗೆ ಹೊರಡುತ್ತಲೇ ಇದ್ದಾರೆ. ಅವರಿಗೆ ಯಾರೂ ರಿಯಾಯಿತಿ ಕೊಟ್ಟಿಲ್ಲ.