ಜೋತುಬಿದ್ದ ಚಾವಣಿಯೂ ಬಿಸಾಡುವ ಬುದ್ಧಿಯೂ

ಕಾಳಿ ನದಿ ಅರಬ್ಬೀ ಸಮುದ್ರವನ್ನು ಸೇರುವ ಕೋಡಿಬಾಗದಲ್ಲಿ ಯಾವ ವಸ್ತುವೂ ಹವೆಯ ಕೈಯಿಂದ ತಪ್ಪಿಸಿಕೊಳ್ಳಲಾರದು. ಒಂದು ಮಗ್ಗುಲಲ್ಲಿ ಅಳಿವೆಯ ತೇವ, ಇನ್ನೊಂದು ಮಗ್ಗುಲಲ್ಲಿ ಕಡಲಿನ ಉಪ್ಪುಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡುವಿಲ್ಲದ ಮಳೆ, ಅದು ಹಿಂದೆ ಸರಿದೊಡನೆ ಬೆವರಿಳಿಸುವ ಬಿಸಿಲು. ಇಂಥ ಹವೆಯಲ್ಲಿ ಹತ್ತು ಹನ್ನೆರಡು ಮಳೆಗಾಲಗಳನ್ನು ಕಂಡ ಕಾರಿನ ಒಳಚಾವಣಿಯ ಬಟ್ಟೆ ಕಳಚಿ ಜೋತುಬೀಳುವುದು ಸಾಮಾನ್ಯ. ಮೊದಲು ಹಿಂಬದಿಯ ಗಾಜಿನ ಬಳಿ ಅಂಗೈಯಗಲದ ಒಂದು ಗುಳ್ಳೆ ಏಳುತ್ತದೆ. ಮರುವರ್ಷ ಅದು ಹಿಂದಿನ ಸೀಟಿನಲ್ಲಿ ಕುಳಿತವರ ತಲೆಗೆ ತಾಗುತ್ತದೆ. ಕೊನೆಗೆ ಚಾಲಕನ ಹಿನ್ನೋಟದ ಕನ್ನಡಿಗೇ ಅಡ್ಡಬರುತ್ತದೆ. ಘಟ್ಟದ ಮೇಲಿನ ಜೊಯಿಡಾ, ಯಲ್ಲಾಪುರ, ಶಿರಸಿ ಸೀಮೆಯ ಮಂಜು ಮಳೆಗಳಲ್ಲಿ ನಿಲ್ಲುವ ವಾಹನಗಳ ಪಾಡೂ ಹೆಚ್ಚುಕಡಿಮೆ ಇದೇ.

ಎಂಜಿನ್ ಸರಿಯಾಗಿದೆ, ಬ್ರೇಕ್ ಹಿಡಿಯುತ್ತದೆ, ಗೇರು ಬೀಳುತ್ತದೆ. ಆದರೆ ಒಳಗೆ ಬಟ್ಟೆ ಜೋತಾಡುತ್ತಿದೆ. ಮದುವೆಗೆ, ಮುಂಜಿಗೆ ಅಂಥ ಕಾರಿನಲ್ಲಿ ಹೋಗಿ ಇಳಿಯಲು ಮನೆಯವರಿಗೆ ಸಂಕೋಚ. ವಿಚಾರಿಸಿದರೆ ದೊಡ್ಡ ಸರ್ವಿಸ್ ಕೇಂದ್ರಗಳಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರವೊಂದೇ: ಬಟ್ಟೆ ಬೇರೆಯಾಗಿ ಬರುವುದಿಲ್ಲ, ಹಲಗೆಯ ಸಮೇತ ಇಡೀ ಚಾವಣಿಯನ್ನೇ ಬದಲಿಸಬೇಕು. ಆ ಬೆಲೆಯನ್ನು ಕೇಳಿದ ಮೇಲೆ ಹಳೆಯ ಕಾರಿಗೆ ಅಷ್ಟೊಂದು ಹಣ ಸುರಿಯುವುದೇಕೆ ಎಂಬ ಯೋಚನೆ ಹುಟ್ಟುತ್ತದೆ. ಅದರ ಬೆನ್ನಿಗೇ ಕಂತಿನ ಸಾಲದ ಜಾಹೀರಾತು ಕಣ್ಣಿಗೆ ಬೀಳುತ್ತದೆ. ನಡೆಯುವ ವಾಹನ ಸಿಕ್ಕಿದ ಬೆಲೆಗೆ ಹೋಗುತ್ತದೆ. ಹೊಸದರ ಸಾಲ ಮುಂದಿನ ಐದಾರು ಅಡಿಕೆ ಕೊಯ್ಲುಗಳ ಮೇಲೆ ಬಂದು ಕೂರುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಗಾದೆಗೆ ಇದಕ್ಕಿಂತ ಒಪ್ಪುವ ಉದಾಹರಣೆ ಸಿಗುವುದು ಕಷ್ಟ. ಒಳನಾಡಿನ ಊರುಗಳಲ್ಲಂತೂ ಒಂದು ಮನೆಯ ಹಳೆಯ ವಾಹನವೇ ಇಡೀ ಕೇರಿಯ ಪಾಲಿಗೆ ನಡುರಾತ್ರಿಯ ಆಂಬುಲೆನ್ಸ್. ಅದು ಹೋದರೆ ಹೋದದ್ದು ಒಂದು ಕಾರು ಮಾತ್ರ ಎನ್ನಲಾಗದು.

ಬಟ್ಟೆ ಏಕೆ ಜೋತುಬೀಳುತ್ತದೆ ಎಂಬುದನ್ನು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಈಗಿನ ಬಹುಪಾಲು ಕಾರುಗಳ ಒಳಚಾವಣಿಯಲ್ಲಿ ಮೂರು ಪದರಗಳಿರುತ್ತವೆ: ಮೇಲೆ ಅಚ್ಚೊತ್ತಿದ ಹಗುರವಾದ ಹಲಗೆ, ನಡುವೆ ಪಾಲಿಯುರಿಥೇನ್ ಎಂಬ ಸ್ಪಂಜಿನ ತೆಳುಪದರ, ಕೆಳಗೆ ಕಾಣುವ ಬಟ್ಟೆ. ಬಿಸಿಲಿಗೆ ನಿಂತ ಕಾರಿನ ತಗಡು ಕಾದಾಗ ಅದಕ್ಕೆ ಅತಿ ಹತ್ತಿರವಿರುವ ಈ ಸ್ಪಂಜು ಬೇಯುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವವನ್ನು ಹೀರುತ್ತದೆ. ಶಾಖ ಮತ್ತು ತೇವ ಸೇರಿದಾಗ ಸ್ಪಂಜಿನ ಅಣುಬಂಧಗಳು ಕಡಿದುಹೋಗುತ್ತವೆ. ಕೆಲವು ವರ್ಷಗಳಲ್ಲಿ ಅದು ಬೆರಳಿಗೆ ಅಂಟುವ ಪುಡಿಯಾಗುತ್ತದೆ. ಅಂಟು ಬಿಟ್ಟಿತೆಂದು ಎಲ್ಲರೂ ತಿಳಿಯುತ್ತಾರೆ. ಎಷ್ಟೋ ಸಲ ಬಟ್ಟೆಯ ಹಿಂದಿನ ಅಂಟು ಗಟ್ಟಿಯಾಗಿಯೇ ಇರುತ್ತದೆ. ಅದು ಹಿಡಿದುಕೊಂಡಿದ್ದ ಸ್ಪಂಜೇ ಸತ್ತಿರುತ್ತದೆ. ಆದ್ದರಿಂದ ಸಿರಿಂಜಿನಿಂದ ಅಂಟು ತೂರಿಸುವುದು, ಗುಂಡುಪಿನ್ನು ಚುಚ್ಚುವುದು, ಇಸ್ತ್ರಿಯ ಹಬೆ ಹಿಡಿಯುವುದು ಇವೆಲ್ಲ ಕೆಲವು ವಾರಗಳ ಉಪಾಯಗಳು. ಪುಡಿಯ ಮೇಲೆ ಹಚ್ಚಿದ ಅಂಟು ಪುಡಿಯನ್ನೇ ಹಿಡಿಯುತ್ತದೆ.

ನಿಜವಾದ ದುರಸ್ತಿಗೆ ಇಬ್ಬರು ಜನ ಮತ್ತು ಎರಡು ದಿನಗಳ ತಾಳ್ಮೆ ಬೇಕು. ಕರಾವಳಿಯಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳು ಇದಕ್ಕೆ ತಕ್ಕ ಕಾಲ. ಮಳೆಗಾಲದ ತೇವದಲ್ಲಿ ಹಚ್ಚಿದ ಅಂಟಿನ ಮೇಲೆ ನೀರಿನ ಪಸೆ ಕೂತು ಹಿಡಿತ ಕೆಡುತ್ತದೆ. ಮೊದಲು ಬ್ಯಾಟರಿಯ ಋಣಧ್ರುವದ ತಂತಿಯನ್ನು ಬಿಚ್ಚಬೇಕು. ಬಿಸಿಲು ತಡೆಯುವ ಮಡಚುಪಟ್ಟಿ, ಕೈಹಿಡಿಕೆ, ಒಳದೀಪ, ಕಂಬಗಳ ಮೇಲಿನ ಪ್ಲಾಸ್ಟಿಕ್ ಮುಚ್ಚಿಗೆ ಇವುಗಳನ್ನು ಕ್ರಮವಾಗಿ ತೆಗೆದು, ಯಾವ ತಿರುಪು ಎಲ್ಲಿಯದೆಂದು ಬರೆದಿಟ್ಟುಕೊಳ್ಳಬೇಕು. ಅನಂತರ ಸೀಟುಗಳನ್ನು ಒರಗಿಸಿ, ಹಲಗೆಯನ್ನು ಬಾಗಿಸದಂತೆ ಇಬ್ಬರೂ ಹಿಡಿದು, ಹಿಂಬಾಗಿಲಿದ್ದರೆ ಅದರ ಮೂಲಕ ಹೊರತೆಗೆಯಬೇಕು. ಈ ಹಲಗೆ ಹಪ್ಪಳದ ಜಾತಿಯದು. ಒಮ್ಮೆ ಮುರಿದರೆ ಮಡಿಕೆಯ ಗುರುತು ಹೊಸ ಬಟ್ಟೆಯ ಮೇಲೂ ಕಾಣುತ್ತದೆ.

ಹಳೆಯ ಬಟ್ಟೆಯನ್ನು ಸುಲಿದು, ಹಲಗೆಯ ಮೇಲೆ ಉಳಿದ ಸ್ಪಂಜಿನ ಪುಡಿಯನ್ನು ಬ್ರಷ್ಷಿನಿಂದ ಸಂಪೂರ್ಣ ಉಜ್ಜಿ ತೆಗೆಯಬೇಕು. ಇಡೀ ಕೆಲಸದಲ್ಲಿ ಬೇಸರದ್ದೂ ಮುಖ್ಯವಾದದ್ದೂ ಇದೇ. ಇಲ್ಲಿ ಉಳಿಸಿದ ಪುಡಿಯೇ ಮುಂದಿನ ವರ್ಷದ ಗುಳ್ಳೆ. ಮೂಗು ಬಾಯಿಗೆ ಮುಖಗವಸು ಕಟ್ಟಿಕೊಳ್ಳುವುದು ಕಡ್ಡಾಯ. ಹೊಸದಾಗಿ ಹಾಕುವುದು ಬೆನ್ನಿಗೆ ಮೂರು ನಾಲ್ಕು ಮಿಲಿಮೀಟರ್ ಸ್ಪಂಜಿರುವ, ಎಳೆದರೆ ಹಿಗ್ಗುವ ಬಟ್ಟೆಯಾಗಿರಬೇಕು. ಸ್ಪಂಜಿಲ್ಲದ ಬಟ್ಟೆಯಲ್ಲಿ ಅಂಟಿನ ಕಲೆ ಹೊರಗೆ ಮೂಡುತ್ತದೆ. ಮರಗೆಲಸದ ಬಿಳಿ ಅಂಟು ಇಲ್ಲಿಗೆ ಸಲ್ಲದು. ಕುಶನ್ ಅಂಗಡಿಯವರು ಬಳಸುವ, ಶಾಖ ತಡೆಯುವ ರಬ್ಬರ್ ಅಂಟು ಬೇಕು. ಬಟ್ಟೆಯನ್ನು ಹಲಗೆಯ ಮೇಲೆ ಹಾಸಿ, ಅರ್ಧವನ್ನು ಹಿಂದಕ್ಕೆ ಮಡಚಿ, ಹಲಗೆಗೂ ಬಟ್ಟೆಯ ಬೆನ್ನಿಗೂ ತೆಳುವಾಗಿ ಅಂಟು ಸವರಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಒತ್ತುತ್ತ ಕೂರಿಸಬೇಕು. ಆಮೇಲೆ ಉಳಿದರ್ಧ. ಒಂದು ದಿನ ಆರಿದ ಬಳಿಕ ದೀಪ ಮತ್ತು ಹಿಡಿಕೆಗಳ ಕಿಂಡಿಗಳನ್ನು ಬ್ಲೇಡಿನಿಂದ ಬಿಡಿಸಿ, ಅಂಚು ಮಡಚಿ, ಹಲಗೆಯನ್ನು ಸ್ವಸ್ಥಾನಕ್ಕೆ ಸೇರಿಸಬಹುದು.

ಎರಡು ಎಚ್ಚರಿಕೆಗಳನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಕಿಟಕಿಯ ಮೇಲಂಚಿನಲ್ಲಿ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದು ಚಾವಣಿಯ ಬಟ್ಟೆಯ ಹಿಂದೆಯೇ ಮಡಚಿ ಕೂತಿರುತ್ತದೆ. ಕಂಬದ ಮುಚ್ಚಿಗೆಯ ಮೇಲೆ ಅದರ ಹೆಸರು ಅಚ್ಚಾಗಿದ್ದರೆ ಆ ಕೆಲಸವನ್ನು ತಿಳಿದವರಿಗೇ ಬಿಡುವುದು ಲೇಸು. ಎರಡನೆಯದಾಗಿ, ಅಂಟಿನ ಆವಿ ತಲೆಗೇರುತ್ತದೆ, ಬೆಂಕಿಯನ್ನೂ ಬೇಗ ಹಿಡಿಯುತ್ತದೆ. ತೆರೆದ ಅಂಗಳದಲ್ಲಿ, ಒಲೆ ಬೀಡಿಗಳಿಂದ ದೂರದಲ್ಲಿ ಕೆಲಸ ನಡೆಯಬೇಕು.

ಚಾವಣಿಯನ್ನು ಬಿಚ್ಚುವುದರಿಂದ ಇನ್ನೊಂದು ಉಪಕಾರವಿದೆ. ಬಟ್ಟೆಯ ಮರೆಯಲ್ಲಿದ್ದ ತಗಡು ಕಣ್ಣಿಗೆ ಬೀಳುತ್ತದೆ. ಉಪ್ಪುಗಾಳಿಯ ಊರಿನಲ್ಲಿ ತುಕ್ಕು ಒಳಗಿನಿಂದಲೇ ಆರಂಭವಾಗುವುದುಂಟು. ಮೇಲೆ ಸಾಮಾನು ಹೊರುವ ಕಂಬಿಯ ಬುಡದಿಂದ, ಗಾಜಿನ ರಬ್ಬರಿನ ಸಂದಿಯಿಂದ ನೀರು ಇಳಿಯುತ್ತಿರುವುದೂ ಉಂಟು. ಸೋರಿಕೆಯನ್ನು ನಿಲ್ಲಿಸದೆ ಹೊಸ ಬಟ್ಟೆ ಹಾಕಿದರೆ ದೋಷವನ್ನು ಮುಚ್ಚಿಟ್ಟಂತೆ. 2024ರ ಆಗಸ್ಟ್ 7ರ ನಡುರಾತ್ರಿ ಕೋಡಿಬಾಗ ಮತ್ತು ಸದಾಶಿವಗಡಗಳ ನಡುವಿನ ಹಳೆಯ ಕಾಳಿ ಸೇತುವೆ ಕುಸಿದು, ಅದರ ಮೇಲಿದ್ದ ಲಾರಿ ನದಿಗೆ ಬಿತ್ತು. ಚಾಲಕ ಬದುಕಿ ಬಂದನು. ಆ ಕುಸಿತದ ಕಾರಣಗಳ ವಿಚಾರ ಬೇರೆ. ಬಳಕೆಯಲ್ಲಿರುವ ವಸ್ತುವನ್ನು ಕಾಲಕಾಲಕ್ಕೆ ಒಳಹೊಕ್ಕು ನೋಡುತ್ತಿರಬೇಕೆಂಬ ಎಚ್ಚರವನ್ನು ಮಾತ್ರ ಅದು ಈ ಊರಿನವರ ಮನಸ್ಸಿನಲ್ಲಿ ಅಳಿಯದಂತೆ ಬರೆದಿದೆ.

ಈ ನೆಲಕ್ಕೆ ದುರಸ್ತಿಯೆಂಬುದು ಹೊಸ ವಿದ್ಯೆಯೇನೂ ಅಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಕರಾವಳಿಯ ಮೀನುಗಾರರು ಹರಿದ ಬಲೆಗಳ ಕಣ್ಣುಗಳನ್ನು ಒಂದೊಂದಾಗಿ ಹೆಣೆಯುತ್ತಾರೆ, ದೋಣಿಗಳನ್ನು ದಡಕ್ಕೆಳೆದು ಸರಿಪಡಿಸುತ್ತಾರೆ. ಘಟ್ಟದ ಮೇಲೆ ಸೋಗೆ ಮನೆಗಳಿದ್ದ ಕಾಲದಲ್ಲಿ ಪ್ರತಿ ಬೇಸಗೆಯಲ್ಲಿ ಹಳೆಯ ಸೋಗೆಯನ್ನು ಇಳಿಸಿ ಹೊಸತನ್ನು ಹೊದಿಸುವ ಕೆಲಸಕ್ಕೆ ನೆರೆಹೊರೆಯವರೆಲ್ಲ ಕೂಡುತ್ತಿದ್ದರು. ಇಳಿಸಿದ ಸೋಗೆ ತೋಟಕ್ಕೆ ಗೊಬ್ಬರವಾಗುತ್ತಿತ್ತು. ಮಾಡಿನ ಹೊದಿಕೆ ಹಳತಾಯಿತೆಂದು ಮನೆಯನ್ನು ಮಾರಿದವರಿರಲಿಲ್ಲ. ಅಂಥವರ ಮಕ್ಕಳು ಮೊಮ್ಮಕ್ಕಳು ಕಾರಿನ ಮಾಡಿನ ಮೂರು ಮೀಟರ್ ಬಟ್ಟೆಗೆ ಹೆದರಬೇಕಾಗಿ ಬಂದದ್ದು ವಿಚಾರ ಮಾಡತಕ್ಕ ಸಂಗತಿ.

ಕಾರಿನ ಬಟ್ಟೆಗೂ ಪರಿಸರ ಚಳವಳಿಗೂ ಏನು ಸಂಬಂಧ ಎಂದು ಕೇಳುವವರು ಉತ್ತರ ಕನ್ನಡದ ರಸ್ತೆಗಳನ್ನು ನೆನಪಿಸಿಕೊಳ್ಳಬೇಕು. ಬಳ್ಳಾರಿ, ಸಂಡೂರುಗಳ ಗುಡ್ಡಗಳನ್ನು ಅಗೆದ ಅದಿರು ಅರಬೈಲ್ ಘಟ್ಟವನ್ನಿಳಿದು ಅಂಕೋಲೆಯ ಬೇಲೇಕೇರಿ ಬಂದರಿಗೆ ಹೋಗುತ್ತಿದ್ದ ದಿನಗಳನ್ನು, ಆ ಕೆಂಧೂಳನ್ನು ಈ ಸೀಮೆ ಮರೆತಿಲ್ಲ. 2010ರಲ್ಲಿ ರಾಜ್ಯವು ಅದಿರಿನ ರಫ್ತನ್ನು ನಿಷೇಧಿಸಿತು. 2011ರ ಜುಲೈಯಲ್ಲಿ ಲೋಕಾಯುಕ್ತ ವರದಿ ಬಂತು. ಒಂದು ಕಾರಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಬ್ಬಿಣ ಮತ್ತು ಉಕ್ಕು. ಕಾಲಕ್ಕೆ ಮೊದಲೇ ಕೊಂಡ ಪ್ರತಿಯೊಂದು ಹೊಸ ಕಾರೂ ಎಲ್ಲೋ ಒಂದು ಗುಡ್ಡದಿಂದ ತನ್ನ ಪಾಲನ್ನು ಕೇಳುತ್ತದೆ.

ಹಳೆಯ ಕಾರು ಹೆಚ್ಚು ಹೊಗೆ ಕಾರುತ್ತದೆ, ಅದನ್ನು ಉಳಿಸುವುದು ಪರಿಸರಕ್ಕೆ ಹಿತವೇ ಎಂಬ ಆಕ್ಷೇಪಣೆ ನ್ಯಾಯವಾದದ್ದು. ಪೆಟ್ರೋಲ್ ಕಾರೊಂದರ ಆಯುಷ್ಯದಲ್ಲಿ ತಯಾರಿಕೆಯ ಹೊಗೆಗಿಂತ ಓಡಾಟದ ಹೊಗೆಯೇ ಸಾಮಾನ್ಯವಾಗಿ ಹೆಚ್ಚು. ಆದ್ದರಿಂದ ಹೊಗೆ ಪರೀಕ್ಷೆಯಲ್ಲಿ ಸೋತ, ಚಾಸಿಸ್ ತುಕ್ಕು ತಿಂದ ವಾಹನವನ್ನು ಮಮತೆಯಿಂದ ಇಟ್ಟುಕೊಳ್ಳಬೇಕೆಂದು ಯಾರೂ ಹೇಳಬೇಕಾಗಿಲ್ಲ. ಪೇಟೆಗೆ ಬಸ್ಸಿರುವಾಗ ಬಸ್ಸಿನಲ್ಲೇ ಹೋಗುವುದು, ಕಾರನ್ನು ಅವಶ್ಯವಿದ್ದಾಗ ಮಾತ್ರ ಹೊರತೆಗೆಯುವುದು ಮೊದಲ ಧರ್ಮ. ಕಡಿಮೆ ಓಡುವ, ಪರೀಕ್ಷೆಯಲ್ಲಿ ಗೆಲ್ಲುವ ವಾಹನವನ್ನು ಬಟ್ಟೆಯ ಕಾರಣಕ್ಕೆ ಕಳೆದುಕೊಳ್ಳುವುದರಲ್ಲಿ ಮಾತ್ರ ಯಾವ ಪರಿಸರ ಲಾಭವೂ ಇಲ್ಲ. 2022ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಕಾರಿನ ನೋಂದಣಿ ನವೀಕರಣ ಶುಲ್ಕವು 600 ರೂಪಾಯಿಗಳಿಂದ 5,000 ರೂಪಾಯಿಗಳಿಗೆ ಏರಿತು. ವರ್ಷಗಳನ್ನು ಎಣಿಸುವ ನೀತಿ ವಾಹನದ ಸ್ಥಿತಿಯನ್ನೂ ಅದು ಓಡುವ ದೂರವನ್ನೂ ಅಷ್ಟೇ ಶ್ರದ್ಧೆಯಿಂದ ಎಣಿಸಬೇಕು.

ಸತ್ತ ಸ್ಪಂಜಿನ ಗತಿಯೂ ವಿಚಾರಣೀಯ. ಅದನ್ನು ಹಿತ್ತಲಿನಲ್ಲಿ ಸುಟ್ಟರೆ ಇಂಗಾಲದ ಮೊನಾಕ್ಸೈಡ್ ಮತ್ತು ಸಯನೈಡ್ ಅಂಶದ ವಿಷಾನಿಲಗಳು ಹೊರಡುತ್ತವೆ. ಅಳಿವೆಗೆ ಎಸೆದರೆ ಪುಡಿಪುಡಿಯಾಗಿ ಕಾಂಡ್ಲಾ ಗಿಡಗಳ ಬೇರುಗಳಿಗೂ ಚಿಪ್ಪುಮೀನುಗಳ ಒಡಲಿಗೂ ಸೇರುತ್ತದೆ. ಚೀಲದಲ್ಲಿ ಕಟ್ಟಿ ಒಣಕಸಕ್ಕೆ ಕೊಡುವುದೊಂದೇ ಸದ್ಯದ ದಾರಿ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆಯುಷ್ಯ ಮುಗಿದ ವಾಹನಗಳ ನಿಯಮಗಳು ತಯಾರಕರ ಹೊಣೆಯನ್ನು ಉಕ್ಕಿನ ಲೆಕ್ಕದಲ್ಲಿ ಅಳೆಯುತ್ತವೆ. ಉಕ್ಕಿಗೆ ಗುಜರಿಯಲ್ಲಿ ಹೇಗಿದ್ದರೂ ಬೆಲೆಯಿದೆ. ಬೆಲೆಯಿಲ್ಲದ ಸ್ಪಂಜು ಊರಿನ ಪಾಲಿಗೇ ಉಳಿಯುತ್ತದೆ.

ಆದ್ದರಿಂದ ಬೇಡಿಕೆಗಳು ಸ್ಪಷ್ಟವಾಗಿರಬೇಕು. ದುರಸ್ತಿಯ ಹಕ್ಕಿನ ಕುರಿತು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ಸಮಿತಿಯೊಂದನ್ನು ರಚಿಸಿ, ವಾಹನ, ಕೃಷಿಯಂತ್ರ, ಮೊಬೈಲ್, ಗೃಹೋಪಕರಣಗಳೆಂಬ ನಾಲ್ಕು ಕ್ಷೇತ್ರಗಳನ್ನು ಗುರುತಿಸಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲಿಯೇ ವಾಹನ ದುರಸ್ತಿಯ ಹಕ್ಕಿನ ಪರವಾಗಿ ಮತ ಹಾಕಿದ್ದರು. ಇಲ್ಲಿಯೂ ತಯಾರಕರು ಒಳಚಾವಣಿಯ ಬಟ್ಟೆ, ಹಲಗೆ, ಕ್ಲಿಪ್ಪುಗಳನ್ನು ಬಿಡಿಯಾಗಿ ಮಾರುವಂತೆ, ಬಿಚ್ಚುವ ಕ್ರಮವನ್ನು ಕನ್ನಡದಲ್ಲಿ ಕೈಪಿಡಿಯಾಗಿ ಕೊಡುವಂತೆ ಕಾನೂನಿನ ಬಲ ಬೇಕು. ಗ್ರಾಮ ಪಂಚಾಯಿತಿಗಳು ಇಂಥ ಕಸವನ್ನು ಪ್ರತ್ಯೇಕವಾಗಿ ಪಡೆಯಬೇಕು.

ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಪೇಟೆಗಳಲ್ಲಿ ಕುಶನ್ ಕೆಲಸದವರು ಇನ್ನೂ ಇದ್ದಾರೆ. ಸ್ವತಃ ಮಾಡಲಾಗದವರು ಅವರ ಬಳಿಗೆ ಹೋಗಬೇಕು. ಮಾಡಬಲ್ಲವರು ಅವರಿಂದಲೇ ಬಟ್ಟೆ ಅಂಟುಗಳನ್ನು ಕೊಂಡು, ಮೊದಲ ಸಲ ಅವರ ಕೈಕೆಳಗೆ ಕಲಿಯಬೇಕು. ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ಗಿಡ ನೆಡುವ ದಿನದಂತೆ ದುರಸ್ತಿಯ ದಿನವೂ ಒಂದು ಇರಲಿ. ಐಟಿಐ ಓದುವ ಹುಡುಗ ಹುಡುಗಿಯರು ಊರಿನ ಒಂದು ಹಳೆಯ ಜೀಪನ್ನೋ ವ್ಯಾನನ್ನೋ ಅಂಗಳದಲ್ಲಿ ನಿಲ್ಲಿಸಿ, ಅದರ ಚಾವಣಿಯನ್ನು ಇಳಿಸಿ ಏರಿಸುವುದನ್ನು ಊರವರ ಎದುರು ಮಾಡಿ ತೋರಿಸಲಿ. ಈ ವರ್ಷದ ಮಳೆ ಮುಗಿದು ಒಣಗಾಳಿ ಬೀಸುವ ಹೊತ್ತಿಗೆ ಒಂದೊಂದು ಊರಿನಲ್ಲಿ ಒಂದೊಂದು ವಾಹನವಾದರೂ ಹೀಗೆ ಮಾರಾಟದಿಂದ ಉಳಿದರೆ ಕೆಲಸ ಆರಂಭವಾದಂತೆ.